ಒಂದೂ ದಿನ ಗೆಲ್ಲದವನು ಚಾಂಪಿಯನ್ ಆದದ್ದು ಹೇಗೆ?

ಪ್ರಶ್ನೆ: ಟೂರ್ ಡಿ ಫ್ರಾನ್ಸ್ ಸೈಕಲ್ ರೇಸನ್ನು ಮೊಬೈಲಿನಲ್ಲಿ ನೋಡುತ್ತೇನೆ. ದಿನಕ್ಕೊಬ್ಬ ಗೆಲ್ಲುತ್ತಾನೆ, ಹಳದಿ ಅಂಗಿ ಮಾತ್ರ ಇನ್ಯಾರದೋ ಮೈಮೇಲಿರುತ್ತದೆ. 2017ರಲ್ಲಿ ಕ್ರಿಸ್ ಫ್ರೂಮ್ ಒಂದೂ ಸ್ಟೇಜ್ (ಒಂದು ದಿನದ ಓಟ) ಗೆಲ್ಲದೆ ಚಾಂಪಿಯನ್ ಆದನಂತೆ. ಇದ್ಯಾವ ಲೆಕ್ಕ ಸರ್?
– ಕುಮಟಾದ ಕಾಲೇಜು ವಿದ್ಯಾರ್ಥಿ

ಉತ್ತರ: ಗಡಿಯಾರದ ಲೆಕ್ಕ ತಮ್ಮಾ. 21 ಸ್ಟೇಜ್‌ಗಳ ಸಮಯ ಕೂಡಿಸುತ್ತಾರೆ, ಯಾರದ್ದು ಕಡಿಮೆಯೋ ಅವನಿಗೆ ಹಳದಿ ಅಂಗಿ. ಫ್ರೂಮ್ ಆ ವರ್ಷ ಸುಮಾರು 3,500 ಕಿ.ಮೀ. ತುಳಿದು ಎರಡನೆಯವನಿಗಿಂತ ಬರೀ 54 ಸೆಕೆಂಡ್ ಮುಂದಿದ್ದ.

ಹಾಗಾದರೆ ದಿನಾ ಗೆಲ್ಲುವವನಿಗೆ ಸಮಯ ಸಿಗುವುದಿಲ್ವಾ? ಸಮತಟ್ಟು ದಾರಿಯಲ್ಲಿ ಅಷ್ಟಾಗಿ ಇಲ್ಲ. ಮುಂದಿನವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿ ಅವನಿಗೆ ಹೊಡೆಯುತ್ತದೆ, ನಮಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಶ್ರಮ ಉಳಿತಾಯ. ನೂರಕ್ಕೂ ಜಾಸ್ತಿ ಜನ ಒಂದೇ ಗುಂಪಾಗಿ ಬರುವುದು ಇದಕ್ಕೇ. ಗುಂಪಾಗಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಬರೆಯುತ್ತಾರೆ. ಕೊನೆಯಲ್ಲಿ ನುಗ್ಗಿ ಗೆದ್ದವನಿಗೆ ಸಿಗುವುದು 10 ಸೆಕೆಂಡ್ ಬೋನಸ್, ಅಷ್ಟೇ.

ಘಟ್ಟ ಬಂತೆಂದರೆ ಕಥೆ ಬೇರೆ. ಒಮ್ಮೆ ಗೆಳೆಯನ ಜೊತೆ ಕುಮಟಾದಿಂದ ಶಿರಸಿಗೆ ಹೊರಟಿದ್ದೆ. ಕತಗಾಲದವರೆಗೆ ಅವನ ಬೆನ್ನಿಗೇ ಇದ್ದೆ, ಮಾತೂ ಆಡುತ್ತಿದ್ದೆ. ದೇವಿಮನೆ ಘಟ್ಟ ಶುರುವಾಯಿತು ನೋಡು, ಎರಡು ತಿರುವಿನಲ್ಲಿ ಆಸಾಮಿ ಮಾಯ. ಅಷ್ಟು ನಿಧಾನಕ್ಕೆ ಹೋಗುವಾಗ ಗಾಳಿಯೂ ಇಲ್ಲ, ಮರೆಯೂ ಇಲ್ಲ, ನಿನ್ನ ಭಾರ ನೀನೇ ಹೊರಬೇಕು. ನಾನು ಏದುಸಿರು ಬಿಡುತ್ತ ದೇವಸ್ಥಾನದ ಹತ್ತಿರ ಮುಟ್ಟುವಾಗ ಅವನು ಬೆವರು ಒಣಗಿಸಿಕೊಂಡು, ಬಾಳೆಹಣ್ಣು ತಿಂದು, ಸಿಪ್ಪೆಯನ್ನು ದನಕ್ಕೆ ಕೊಡುತ್ತಿದ್ದ. 14 ನಿಮಿಷ! ಹಳದಿ ಅಂಗಿ ಕೈತಪ್ಪುವುದು ಇಂಥಲ್ಲೇ. ಫ್ರೂಮ್‌ನಂಥವರು ಸಮತಟ್ಟಿನಲ್ಲಿ ಗುಂಪಿನೊಳಗೆ ಸುಮ್ನೆ ಕೂತು, ಘಟ್ಟದಲ್ಲಿ ಮತ್ತು ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ನಲ್ಲಿ ಲೆಕ್ಕ ತೀರಿಸಿಕೊಳ್ಳುತ್ತಾರೆ. 1989ರಲ್ಲಿ ಕೊನೆಯ ದಿನ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್ ಅಲ್ಲಿ ಲೊರಾಂ ಫಿನ್ಯೊನ್‌ನನ್ನು ಹಿಂದೆ ಹಾಕಿ ಇಡೀ ಟೂರನ್ನೇ 8 ಸೆಕೆಂಡ್ ಅಂತರದಲ್ಲಿ ಗೆದ್ದ. ಮೂರು ವಾರದ ರೇಸಿಗೆ 8 ಸೆಕೆಂಡ್, ಫಿನ್ಯೊನ್ ಹೊಟ್ಟೆ ಎಷ್ಟು ಉರಿದಿರಬೇಡ!

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಇಂಥ ರೇಸ್ ಇಟ್ಟರೆ ದಾರಿ ಎಲ್ಲಿಂದ ಎಲ್ಲಿಗೆ ಹಾಕ್ತೀರಿ?
– ಶಿರಸಿಯ ಓದುಗರು

ಉತ್ತರ: ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ ಮಾರಾಯ್ರೇ. ಮೊದಲ ದಿನ ಭಟ್ಕಳದಿಂದ ಕಾರವಾರ, ಕಡಲ ಬದಿಯ ಹೆದ್ದಾರಿ. ಇದು ನುಗ್ಗುವವರ ದಿನ. ಸಮುದ್ರದ ಗಾಳಿ ಅಡ್ಡ ಬೀಸಿದರೆ ಮಾತ್ರ ಗುಂಪು ತುಂಡಾಗುತ್ತದೆ, ಕೆಲವರು ಅಲ್ಲೇ ಸಮಯ ಕಳೆದುಕೊಳ್ಳುತ್ತಾರೆ. ಎರಡನೆಯ ದಿನ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಶಿರಸಿಗೆ. ಮೂರನೆಯ ದಿನ ಶಿರಸಿಯಿಂದ ಬನವಾಸಿಗೆ ಟೈಮ್ ಟ್ರಯಲ್. ಅದೂ ಹೆಚ್ಚುಕಡಿಮೆ ಲೆಮಾಂಡ್ ಓಡಿಸಿದಷ್ಟೇ ದೂರ.

ಕೊನೆಯ ದಿನ ದೇವಿಮನೆ. ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. ಮಾರಿಗುಡಿ ಎದುರು ಮುಗಿಸಿದರೆ ಜನ ಜಾಸ್ತಿ ಸೇರುತ್ತಾರೆ, ನಿಮಗೂ ಮನೆ ಹತ್ತಿರ. ಆದರೆ ಘಟ್ಟದ ತಲೆಯಿಂದ ಶಿರಸಿಗೆ ಇನ್ನೂ ದೂರ ಇದೆ, ಹಿಂದೆ ಬಿದ್ದವರು ನಾಲ್ಕೈದು ಜನ ಸೇರಿ ಸರದಿಯ ಮೇಲೆ ಗಾಳಿಗೆ ಎದೆಕೊಟ್ಟು ಬಂದರೆ ಮುಂದಿದ್ದ ಒಂಟಿಯನ್ನು ಬಂಡಲ, ರಾಗಿಹೊಸಳ್ಳಿ ಕಡೆ ಹಿಡಿದೇಬಿಡುತ್ತಾರೆ, ಅವನು ಘಟ್ಟದಲ್ಲಿ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ನನ್ನ ಗೆರೆ ದೇವಿಮನೆಯ ದೇವಸ್ಥಾನದ ಎದುರಿಗೇ. ಶಿರಸಿಯವರು ಬುತ್ತಿ ಕಟ್ಟಿಕೊಂಡು ಅಲ್ಲಿಗೇ ಬನ್ನಿ. ತಿಂಗಳು ಡಿಸೆಂಬರ್, ಮಳೆಗಾಲದಲ್ಲಿ ಆ ಘಟ್ಟದ ಹೆಸರೂ ಎತ್ತಬೇಡಿ.