ಪೀಸಾದಲ್ಲಿ ವಾಲಿದ ಗೋಪುರ ಬಿಟ್ಟರೆ ಬೇರೇನಿದೆ? ಅರ್ಧ ದಿನ ಸಾಕಾ?

ಫ್ಲಾರೆನ್ಸ್‌ನಿಂದ ಆರು ವರ್ಷದ ಮಗನ ಜೊತೆ ಅರ್ಧ ದಿನದ ಮಟ್ಟಿಗೆ ಪೀಸಾಗೆ ಹೋಗಿಬರುತ್ತೇವೆ ಎಂದಿದ್ದೀರಿ. ದಯವಿಟ್ಟು ಇಡೀ ದಿನ ಕೊಡಿ. ಮೊದಲ ಸಲ ನಾನೂ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಎರಡೇ ಗಂಟೆಯಲ್ಲಿ ವಾಪಸ್ ರೈಲು ಹತ್ತಿದ್ದೆ. ಊರು ಕಣ್ಣಿಗೆ ಬಿದ್ದದ್ದು ಎರಡನೇ ಸಲ ಹೋದಾಗ.

ಪೀಸಾ ಸೆಂಟ್ರಾಲೆ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಿ. ಗೋಪುರಕ್ಕೆ ಸುಮಾರು ಅರ್ಧ ಗಂಟೆಯ ದಾರಿ, ಊರೆಲ್ಲ ಆ ದಾರಿಯಲ್ಲೇ ಇದೆ. ನಿಲ್ದಾಣದ ಹತ್ತಿರವೇ ಒಂದು ಚರ್ಚಿನ ಹಿಂಗೋಡೆಯ ತುಂಬ ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1989ರಲ್ಲಿ ಬರೆದ ಬಣ್ಣಬಣ್ಣದ ಚಿತ್ರವಿದೆ. ಮರುವರ್ಷವೇ ಆತ ತೀರಿಕೊಂಡ. ಮಗನಿಗೆ ಖಂಡಿತ ಹಿಡಿಸುತ್ತದೆ. ಮುಂದೆ ಆರ್ನೊ ನದಿ. ಸೇತುವೆ ದಾಟುವ ಮೊದಲು ಎಡಕ್ಕೆ ದಂಡೆಯುದ್ದಕ್ಕೂ ಸ್ವಲ್ಪ ನಡೆದರೆ ಸಾಂತಾ ಮರಿಯಾ ದೆಲ್ಲಾ ಸ್ಪೀನಾ ಎಂಬ ಪುಟ್ಟ ಚರ್ಚು. ಆಭರಣದ ಪೆಟ್ಟಿಗೆಯಷ್ಟು ನಾಜೂಕು ಕೆತ್ತನೆ.

ನದಿ ದಾಟಿದ ಮೇಲೆ ಹಸಿವಾದರೆ ಚೆಚೀನಾ ಎಂಬ ತಿಂಡಿ ಕೇಳಿ. ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ಅಗಲವಾದ ತಟ್ಟೆಗೆ ಸುರಿದು ಒಲೆಯಲ್ಲಿ ಬೇಯಿಸಿರುತ್ತಾರೆ. ಮೇಲೆ ಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಬಿಸಿಯಾಗಿ ತಿನ್ನಬೇಕು. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ತಿಂಡಿ ಆ ಊರಲ್ಲಿ ನನಗೆ ಸಿಗಲಿಲ್ಲ.

ಆಮೇಲೆ ಪಿಯಾತ್ಸಾ ದೇಯ್ ಕವಾಲಿಯೇರಿ ಚೌಕ. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಓದಿದ ಸ್ಕೂಲಾ ನೊರ್ಮಾಲೆ ಎಂಬ ಉನ್ನತ ವಿದ್ಯಾಸಂಸ್ಥೆ ಇಲ್ಲಿದೆ. ಪೀಸಾವನ್ನು ಆಳಿದ್ದ ಕೌಂಟ್ ಉಗೊಲಿನೊನನ್ನು 1289ರಲ್ಲಿ ಮಕ್ಕಳು ಮೊಮ್ಮಕ್ಕಳ ಸಮೇತ ಅನ್ನನೀರಿಲ್ಲದೆ ಕೂಡಿಹಾಕಿ ಕೊಂದ ಗೋಪುರದ ಅವಶೇಷವೂ ಇದೇ ಚೌಕದ ಗಡಿಯಾರದ ಕಟ್ಟಡದೊಳಗೆ ಸೇರಿಹೋಗಿದೆ. ಕವಿ ಡಾಂಟೆಯ ಕಾವ್ಯದ ನರಕದಲ್ಲಿ ಬರುವ ಉಗೊಲಿನೊ ಇವನೇ.

ವಾಲಿದ ಗೋಪುರದ ಮೈದಾನಕ್ಕೆ ಬಂದ ಮೇಲೆ ನನ್ನದೊಂದು ಕೋರಿಕೆ: ಉತ್ತರದಂಚಿನ ಉದ್ದನೆಯ ಬಿಳಿ ಗೋಡೆಯೊಳಗೆ ಹೋಗಿ. ಅದು ಕಾಂಪೊಸಾಂತೊ, ಹಳೆಯ ಸ್ಮಶಾನ. ಹೊರಗೆ ಅಷ್ಟು ಜನಜಂಗುಳಿ ಇದ್ದರೂ ನಾನು ಹೋದಾಗ ಒಳಗೆ ಹತ್ತು ಜನ ಇರಲಿಲ್ಲ. 1944ರ ಜುಲೈ 27ರಂದು ಯುದ್ಧದ ಗುಂಡು ಬಿದ್ದು ಚಾವಣಿಗೆ ಬೆಂಕಿ ಹತ್ತಿತು. ಚಾವಣಿಯ ಸೀಸ ಕರಗಿ ಗೋಡೆಯ ಚಿತ್ರಗಳ ಮೇಲೆಲ್ಲ ಹರಿಯಿತು. ಉಳಿದದ್ದನ್ನು ಗೋಡೆಯಿಂದ ಬಿಡಿಸಿ ದಶಕಗಟ್ಟಲೆ ದುರಸ್ತಿ ಮಾಡಿದರು. ‘ಸಾವಿನ ವಿಜಯ’ ಎಂಬ ದೊಡ್ಡ ಚಿತ್ರ ಮತ್ತೆ ಗೋಡೆ ಸೇರಿದ್ದು 2018ರಲ್ಲಿ. ಅದರಲ್ಲಿ ಬೇಟೆಗೆ ಹೊರಟ ಸಿರಿವಂತರಿಗೆ ದಾರಿಯಲ್ಲಿ ಮೂರು ತೆರೆದ ಶವಪೆಟ್ಟಿಗೆಗಳು ಎದುರಾಗುತ್ತವೆ. ಕುದುರೆ ಮೇಲಿದ್ದವನೊಬ್ಬ ಮೂಗು ಮುಚ್ಚಿಕೊಳ್ಳುತ್ತಾನೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಅಲ್ಲೇ ಪಡಸಾಲೆಯಲ್ಲಿ ಗಣಿತಜ್ಞ ಫಿಬೊನಾಚಿಯ ಪ್ರತಿಮೆಯಿದೆ. ಅವನ ನಿಜವಾದ ಹೆಸರು ಲೆಯೊನಾರ್ಡೊ. ಈ ಪೀಸಾದ ಲೆಯೊನಾರ್ಡೊ ಹುಡುಗನಾಗಿದ್ದಾಗ ಉತ್ತರ ಆಫ್ರಿಕಾದಲ್ಲಿ ನಮ್ಮ ಅಂಕಿಗಳನ್ನು ಕಲಿತ. 1202ರ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲೇ ‘ಭಾರತೀಯರ ಒಂಬತ್ತು ಅಂಕಿಗಳು’ ಎಂದು ಬರೆದು, ಜೊತೆಗೆ ಸೊನ್ನೆಯನ್ನೂ ಇಟ್ಟು, ಯುರೋಪಿನ ವರ್ತಕರಿಗೆ ಲೆಕ್ಕ ಕಲಿಸಿದ. ಅಷ್ಟು ದೂರದಲ್ಲಿ ಅವನೆದುರು ನಿಂತಾಗ ನೆಂಟರ ಮನೆಗೆ ಬಂದಂತೆ ಮನಸ್ಸು ತುಂಬಿತು.

ಗೋಪುರ ಹತ್ತಲು ಎಂಟು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಮಗನನ್ನು ಅದೇ ಮೈದಾನದ ಬ್ಯಾಪ್ಟಿಸ್ಟರಿಗೆ, ಅಂದರೆ ದೀಕ್ಷಾಸ್ನಾನ ಮಾಡಿಸುವ ಗುಂಡನೆಯ ಕಟ್ಟಡಕ್ಕೆ, ಕರೆದುಕೊಂಡು ಹೋಗಿ. ಕಾವಲಿನವರು ಆಗಾಗ ಬಾಗಿಲು ಹಾಕಿ ನಾಲ್ಕಾರು ಸ್ವರ ಹಾಡುತ್ತಾರೆ. ಗುಮ್ಮಟದಲ್ಲಿ ಒಂದರ ಮೇಲೊಂದು ಸೇರಿ, ಒಬ್ಬರ ದನಿಯೇ ಮೇಳದವರು ಹಾಡಿದಂತೆ ಮೊಳಗುತ್ತದೆ.