ಟೆಂಟ್ ಟ್ರಿಪ್‌ಗೆ ಊಟ ಏನ್ ಮಾಡೋದು?

ಪ್ರಶ್ನೆ: ಸಕಲೇಶಪುರದ ಕಡೆ 6 ಜನ ಟೆಂಟ್ ಹಾಕ್ಕೊಂಡು 2 ದಿನ ಇರೋಣ ಅಂತಿದೀವಿ. ಚಿಕ್ಕ ಗ್ಯಾಸ್ ಸ್ಟೌ ಒಂದಿದೆ. ಕಮ್ಮಿ ಖರ್ಚಲ್ಲಿ ಊಟ ಹೇಗೆ ಮೇಡಂ?

ಉತ್ತರ: ಮೊದಲ್ನೇ ಮಧ್ಯಾಹ್ನಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ ಮನೆಯಿಂದ್ಲೇ ಕಟ್ಕೊಳಿ. ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು, ಸಾಸಿವೆ ಕಡ್ಲೆಬೇಳೆ ಕರಿಬೇವು ಒಣಮೆಣಸಿನಕಾಯಿ ಒಗ್ಗರಣೆಗೇ ರವೆ ಹಾಕಿ ಘಮ್ ಅನ್ನೋವರ್ಗೂ ಹುರಿದು, ಉಪ್ಪು ಬೆರೆಸಿ, ಪೂರ್ತಿ ಆರಿದ್ಮೇಲೆ ಡಬ್ಬಿಗೆ ತುಂಬಿ, ಅಲ್ಲಿ ಲೋಟ ರವೆಗೆ ಎರಡೂವರೆ ಲೋಟ ನೀರು ಕುದಿಸಿ ಹಾಕಿದ್ರೆ ಮುಗೀತು. ರಾತ್ರಿ ಅನ್ನಕ್ಕೆ ಪುಳಿಯೋಗರೆ ಗೊಜ್ಜು. ಗೊಜ್ಜಿಗೆ ಎಣ್ಣೆ ಜಿಪುಣತನ ಬೇಡ, ಬೇಗ ಕೆಡಲ್ಲ. ಹಸಿ ಕಾಯಿಚಟ್ನಿ ಮಾತ್ರ ಒಯ್ಯಬೇಡಿ, ಹಳಸುತ್ತೆ. ಮಕ್ಕಳಿದ್ರೆ ಮ್ಯಾಗಿ ಇಟ್ಕೊಳಿ, ಜಗಳ ತಪ್ಪುತ್ತೆ. ಆಮೇಲೆ ಕಾಡೊಳಗೆ ಒಲೆ ಹಚ್ಚೋಕೆ ಹೋಗ್ಬೇಡಿ, ಹೋಂಸ್ಟೇ ಅಂಗಳದಲ್ಲೇ ಕೇಳ್ಕೊಂಡು ಹಚ್ಚಿ.