ಮೈದನಹಳ್ಳಿ ಕೃಷ್ಣಮೃಗಗಳಿಗೆ ಯೋಜನೆ ಮಾಡಲು ಯಾವ ಆನ್‌ಲೈನ್ ನಕ್ಷೆ ನೋಡಬೇಕು?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿಗೆ ನಿಮ್ಮ ಯುವಕ ಸಂಘದಿಂದ ಒಂದು ಯೋಜನೆ ಬರೆದು ಅರಣ್ಯ ಇಲಾಖೆಗೆ ಕೊಡಬೇಕು, ಗಿಡ ನೆಡಲು ಖಾಲಿ ಜಾಗ ತೋರಿಸುವ ನಕ್ಷೆ ಬೇಕು ಎಂದು ಕೇಳಿದ್ದೀರಿ. ನಾನೂ ಇದೇ ಜಿಲ್ಲೆಯವನು, ಈ ನಕ್ಷೆಗಳನ್ನು ಆಗಾಗ ನೋಡುತ್ತಿರುತ್ತೇನೆ. ಮೊದಲು ಒಂದು ಕೋರಿಕೆ: ಆ ಖಾಲಿ ಜಾಗದಲ್ಲಿ ಗಿಡ ನೆಡಬೇಡಿ. ಕೃಷ್ಣಮೃಗ ಬದುಕುವುದೇ ಅಲ್ಲಿ. ಅಪಾಯವನ್ನು ದೂರದಿಂದಲೇ ಕಂಡು, ಬಯಲಲ್ಲಿ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ ಅದು. ಸುತ್ತ ಮರ ದಟ್ಟವಾದಷ್ಟೂ ಅದರ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ನಿಮ್ಮ ಈ ಬಯಲೇ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, ಒಟ್ಟು 798 ಎಕರೆ ಅಷ್ಟೇ. ಇಷ್ಟು ಸಣ್ಣ ಜಾಗದಲ್ಲಿ ಹುಲ್ಲು ಎಲ್ಲಿದೆ, ಮರ ಎಲ್ಲಿ ಹಬ್ಬುತ್ತಿದೆ ಎನ್ನುವುದೇ ನಿಮ್ಮ ಮುಖ್ಯ ಪ್ರಶ್ನೆಯಾಗಬೇಕು. ಇದಕ್ಕೆ ಯುರೋಪಿನ ಉಪಗ್ರಹ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ಸಾಕು, ಉಚಿತ. ಅದರಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಸುಮಾರು 5 ದಿನಕ್ಕೊಮ್ಮೆ ಸಿಗುತ್ತವೆ, 10 ಮೀಟರ್ ಸ್ಪಷ್ಟತೆಯಲ್ಲಿ. ಮೋಡವಿಲ್ಲದ ಒಂದು ನವೆಂಬರ್ ಚಿತ್ರ, ಅದರ ಮುಂದಿನ ಮಾರ್ಚ್‌ನ ಒಂದು ಚಿತ್ರ ತೆಗೆದು ಪಕ್ಕಪಕ್ಕ ಇಡಿ. ಮಳೆ ಮುಗಿದ ಹೊಸತರಲ್ಲಿ ಎಲ್ಲವೂ ಹಸಿರು, ಏನೂ ತಿಳಿಯುವುದಿಲ್ಲ. ಮಾರ್ಚ್‌ಗೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಗಲೂ ಹಸಿರಾಗಿ ಉಳಿದದ್ದು ನೀಲಗಿರಿ ತೋಪೋ ಬಳ್ಳಾರಿ ಜಾಲಿಯೋ ಆಗಿರುವ ಸಾಧ್ಯತೆ ಹೆಚ್ಚು. ಬೇಲಿಯಾಚೆ ಬೋರ್‌ವೆಲ್ ನೀರಿನ ತೋಟಗಳೂ ಹಾಗೇ ಕಾಣುತ್ತವೆ, ಅವನ್ನು ಬಿಟ್ಟು ಲೆಕ್ಕ ಹಾಕಿ. ಆಮೇಲೆ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆರೆದು, ಆ ಹಸಿರು ತುಣುಕುಗಳು ಬೆಳೆದಿವೆಯೇ ನೋಡಿ. ಬೆಳೆದಿದ್ದರೆ ಜಾಲಿ ಕೀಳುವ ಕೆಲಸವನ್ನೇ ಯೋಜನೆಯ ಮೊದಲ ಪುಟದಲ್ಲಿ ಬರೆಯಿರಿ.

ಕಂದು ಬಣ್ಣ ಕಂಡರೆ ಪಾಳು ಎಂದು ಬಗೆಯುವ ಅಭ್ಯಾಸ ನಮ್ಮ ಬಯಲುಸೀಮೆಗೆ ತುಂಬಾ ನಷ್ಟ ಮಾಡಿದೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಬೆಂಕಿ ಬಿದ್ದ ಜಾಗಗಳನ್ನು ಚುಕ್ಕೆಗಳಲ್ಲಿ ತೋರಿಸುವ ನಾಸಾದ ಫರ್ಮ್ಸ್ (FIRMS) ನಕ್ಷೆ ಇದೆ, ಆದರೆ ಜಾಗರೂಕರಾಗಿ ಓದಿ. ಅದರಲ್ಲಿ VIIRS ಎಂಬ ಉಪಗ್ರಹ ಉಪಕರಣದ ಒಂದು ಚುಕ್ಕೆ 375 ಮೀಟರ್ ಚೌಕಕ್ಕೆ, ಅಂದರೆ ಸುಮಾರು 35 ಎಕರೆಗೆ ಸಮ. ಅಂಚಿನಲ್ಲಿ ಚುಕ್ಕೆ ಬಿದ್ದರೆ ಪಕ್ಕದ ಹೊಲದವರು ಕೂಳೆ ಸುಟ್ಟದ್ದೂ ಇರಬಹುದು. ಹೋಗಿ ನೋಡಿಯೇ ಬರೆಯಬೇಕು.

ಗಡಿಯ ವಿಷಯಕ್ಕೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಬಳಸಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮೃಗಗಳು ಮೀಸಲಿನ ಗೆರೆ ನೋಡಿ ಮೇಯುವುದಿಲ್ಲ, ಸುತ್ತಲ ಹೊಲಗಳಿಗೂ ಬರುತ್ತವೆ. ಅಕ್ಕಪಕ್ಕ ಯಾವುದು ಗೋಮಾಳ, ಯಾವುದು ಪಟ್ಟಾ ಎಂಬುದು ಗೊತ್ತಿರಲಿ. ಅರಣ್ಯದ ಗಡಿಗೆ ಮಾತ್ರ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಓ) ಕಚೇರಿಯ ನಕ್ಷೆಯೇ ಅಂತಿಮ.

ಇಷ್ಟಾದ ಮೇಲೆ ನಕ್ಷೆಯ ಪ್ರಿಂಟ್ ಹಿಡಿದು ಕುರಿಗಾಹಿಗಳ ಹತ್ತಿರ ಕೂತುಕೊಳ್ಳಿ. ಬೇಸಿಗೆಯಲ್ಲಿ ಹಿಂಡು ಎಲ್ಲಿ ನೀರು ಕುಡಿಯುತ್ತದೆ, ಮರಿಗಳನ್ನು ನಾಯಿ ಎಲ್ಲಿ ಅಟ್ಟಿಸುತ್ತದೆ ಎಂಬುದು ಯಾವ ಉಪಗ್ರಹಕ್ಕೂ ಕಾಣದು. ಅವರು ಹೇಳಿದ್ದನ್ನು ಪೆನ್ಸಿಲ್‌ನಲ್ಲೇ ಗುರುತು ಮಾಡಿ. ಮರಿಗಳಿರುವ ಜಾಗದ ಗುರುತು ವಾಟ್ಸಾಪ್ ಗುಂಪುಗಳಿಗೆ ಹೋಗದಿರಲಿ. ಅರ್ಜಿಯನ್ನು ಇಲಾಖೆಗೆ ಕೊಡುವಾಗ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಕೊಡಿ. ವನ್ಯಜೀವಿ ಕಾಯ್ದೆಯ 36ಬಿ ಪ್ರಕಾರ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ಪ್ರತಿನಿಧಿಗೆ ಸ್ಥಾನವಿದೆ, ನಿಮ್ಮ ಮಾತನ್ನು ಅಲ್ಲಿ ಅವರು ಎತ್ತಬಲ್ಲರು.